ಫೋಟೊ ತಿರುಗಿಸಿ ನೋಡು

ಪ್ರೀತಿಯ ಪುಟ್ಟೀ,

ನಿನ್ನ ಲೇಖನದ ಕರಡನ್ನು ಎರಡು ಸಲ ಓದಿದೆ. ಮೊದಲನೇ ಸಲ ದೊಡ್ಡಮ್ಮನಾಗಿ ಓದಿದೆ, ಖುಷಿಯಾಯಿತು. ಎರಡನೇ ಸಲ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ಟೀಚರ್ ಆಗಿ ಓದಿದೆ, ಕೆಂಪು ಪೆನ್ನು ಹುಡುಕಿದೆ.

ಚೀನಾದ ಲಿನ್ ಹ್ವೇಯಿನ್ ಬಗ್ಗೆ ಎಲ್ಲರೂ ಎಲ್ಲಿಂದ ಶುರು ಮಾಡುತ್ತಾರೋ ನೀನೂ ಅಲ್ಲಿಂದಲೇ ಶುರು ಮಾಡಿದ್ದೀಯ. 1924ರ ಬೀಜಿಂಗ್. ಉದ್ದ ಗಡ್ಡದ ಟ್ಯಾಗೋರ್, ಅವರ ಜೊತೆಗೆ ಇನ್ನೂ ಇಪ್ಪತ್ತು ತುಂಬದ ಚೆಲುವೆ ಲಿನ್, ಮತ್ತೆ ಕವಿ ಷು ಜಿಮೊ. ಆ ಒಂದು ಫೋಟೊದಿಂದ ನಾಲ್ಕು ಪುಟದ ಪ್ರೇಮಕಥೆ ಹೊರಟಿದೆ. ಹತ್ತನೇ ಪುಟಕ್ಕೆ ಬಂದ ಮೇಲೆ, ಹೌದು, ಆಕೆ ಚೀನಾದ ಕಟ್ಟಡಗಳ ಇತಿಹಾಸ ಬರೆದವರಲ್ಲಿ ಒಬ್ಬಳು ಅಂತ ನೆನಪಾಗಿದೆ ನಿನಗೆ!

ಆ ಫೋಟೊ ಬೇಡ ಅಂತ ನಾನು ಹೇಳಲ್ಲ. ಅವತ್ತು ಟ್ಯಾಗೋರ್ ಹುಟ್ಟುಹಬ್ಬಕ್ಕೆ ಅವರದೇ 'ಚಿತ್ರಾ' ನಾಟಕ ಆಡಿದರು. ಚಿತ್ರಾಳ ಪಾತ್ರ ಇವಳದು. ಚಿತ್ರಾ ಅಂದರೆ ನಮ್ಮ ಮಹಾಭಾರತದ ಚಿತ್ರಾಂಗದೆ. ಗಂಡುಮಗನ ಹಾಗೆ ಬೆಳೆದು ಬಿಲ್ಲು ಹಿಡಿದವಳು. ಅರ್ಜುನನಿಗಾಗಿ ಒಂದು ವರ್ಷದ ಮಟ್ಟಿಗೆ ದೇವರಿಂದ ಚೆಲುವನ್ನು ಸಾಲ ತರುತ್ತಾಳೆ. ಆಮೇಲೆ ಅವಳಿಗೇ ಸಾಕಾಗುತ್ತದೆ, ನಾನು ಇರುವ ಹಾಗೆ ನನ್ನನ್ನು ನೋಡು ಅನ್ನುತ್ತಾಳೆ. ಆ ವೇಷ ಹಾಕಿದವಳ ವಿಷಯದಲ್ಲಿ ನೂರು ವರ್ಷ ಆದರೂ ಜನ ಸಾಲದ ರೂಪವನ್ನೇ ನೋಡುತ್ತಾ ಕೂತಿದ್ದಾರೆ ಅಲ್ವಾ?

ನೀನೀಗ ಓದುತ್ತಿರುವ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಗೇ ಆಕೆಯೂ ಅದೇ 1924ರಲ್ಲಿ ಬಂದಳು. ವಾಸ್ತುಶಿಲ್ಪ ವಿಭಾಗಕ್ಕೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಲಲಿತಕಲೆಗೆ ಸೇರಿ ವಾಸ್ತುಶಿಲ್ಪದ ತರಗತಿಗಳಲ್ಲೇ ಕೂತಳು. ವಾಸ್ತುಶಿಲ್ಪದ ಪದವಿಯನ್ನು 2024ರಲ್ಲಿ ಕೊಟ್ಟರು, ಸತ್ತು ಅರವತ್ತೊಂಬತ್ತು ವರ್ಷವಾದ ಮೇಲೆ. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಕೆಲಸದ ಮಾತು ಮಾತ್ರ ಹೇಳುತ್ತೇನೆ. ಅಲ್ಲಿನ ಹಳೇ ಕಡತ ತೆಗೆಸುವಾಗ ಫಿಲಿಸ್ ಲಿನ್ ಅನ್ನುವ ಹೆಸರಲ್ಲೂ ಹುಡುಕು. ಚೀನೀ ಲಿಪಿಯಲ್ಲೂ ಆಕೆ ಹೆಸರಿನ ಕೊನೇ ಅಕ್ಷರವನ್ನು ನಡುವೆ ಬದಲಾಯಿಸಿಕೊಂಡಳು, ಇನ್ನೊಬ್ಬ ಲೇಖಕನ ಹೆಸರಿನ ಜೊತೆ ಗೊಂದಲ ಆಗುತ್ತಿತ್ತಂತೆ. ಒಂದೇ ಹೆಸರು ಹಿಡಿದು ಹುಡುಕಿದರೆ ಅರ್ಧ ಹೆಂಗಸು ಸಿಗುತ್ತಾಳೆ.

ನಿನ್ನ ಲೇಖನ ಎಲ್ಲಿಂದ ಶುರುವಾಗಬೇಕು ಅಂತ ನನ್ನನ್ನು ಕೇಳಿದರೆ, 1937ರ ಬೇಸಿಗೆಯಿಂದ. ಶಾನ್ಸಿ ಪ್ರಾಂತ್ಯದ ವುತಾಯ್ ಬೆಟ್ಟ, ಫೊಗುವಾಂಗ್ ದೇವಾಲಯ. ತಾಂಗ್ ರಾಜವಂಶದ ಕಾಲದ ಮರದ ಕಟ್ಟಡ ಚೀನಾದಲ್ಲಿ ಒಂದೂ ಉಳಿದಿಲ್ಲ, ನೋಡಬೇಕಾದರೆ ನಮ್ಮ ನಾರಾಕ್ಕೆ ಬನ್ನಿ ಅಂತ ಜಪಾನಿನ ವಿದ್ವಾಂಸರು ಹೇಳುತ್ತಿದ್ದ ಕಾಲ ಅದು. ಗಂಡ ಲಿಯಾಂಗ್ ಸಿಚೆಂಗ್ ಮತ್ತು ಇನ್ನಿಬ್ಬರ ಜೊತೆ ಈಕೆ ಆ ಗುಡಿಯ ಅಟ್ಟ ಹತ್ತಿದಳು. ಕ್ಷಯ ಹಿಡಿದ ಶ್ವಾಸಕೋಶ ಬೇರೆ. ಮೇಲೆ ಮೆತ್ತನೆಯ ಹಾಸಿಗೆಯಷ್ಟು ದಪ್ಪ ಧೂಳು, ಸಾವಿರಾರು ಬಾವಲಿ, ಬಾವಲಿಯ ರಕ್ತ ಕುಡಿದು ಬೆಳೆದ ತಿಗಣೆ. ಮೂಗು ಬಾಯಿ ಮುಚ್ಚಿಕೊಂಡು ಗಂಟೆಗಟ್ಟಲೆ ಅಳತೆ ತೆಗೆದರು, ಫೋಟೊ ಹಿಡಿದರು.

ಆದರೆ ಕಾಲ ಯಾವುದು ಅಂತ ಹೇಳುವ ಬರಹ ಸಿಗಲಿಲ್ಲ. ಈಕೆಗೆ ದೂರದ್ದು ಚೆನ್ನಾಗಿ ಕಾಣುತ್ತಿತ್ತು. ಕೆಳಗೆ ನಿಂತು ಕತ್ತೆತ್ತಿದಾಗ ತೊಲೆಯ ಅಡಿಯಲ್ಲಿ ಮಸುಕಾದ ಮಸಿಯ ಗುರುತು ಕಂಡದ್ದು ಅವಳಿಗೇ. ಅಟ್ಟಣಿಗೆ ಕಟ್ಟಿಸಿ, ತೊಲೆ ತೊಳೆಸಿ, ಓದಿ ಮುಗಿಸೋಕೆ ಮೂರು ದಿನ ಬೇಕಾಯಿತು. ದಾನ ಕೊಟ್ಟವರ ಹೆಸರು ಬಂತು: ನಿಂಗ್ ಗೊಂಗ್‌ಯು, ಒಬ್ಬ ಹೆಂಗಸು. ಅಂಗಳದ ಕಲ್ಲುಕಂಬದಲ್ಲೂ ಅದೇ ಹೆಸರು, ಜೊತೆಗೆ ವರ್ಷ. ನಮ್ಮ ಲೆಕ್ಕದಲ್ಲಿ ಕ್ರಿ.ಶ. 857, ತಾಂಗ್ ಕಾಲವೇ. ಗುಡಿಯ ಮೂಲೆಯಲ್ಲಿ ಕೂತಿದ್ದ ಸಾಧಾರಣ ಹೆಂಗಸಿನ ಮೂರ್ತಿಯನ್ನು ಅಲ್ಲಿನವರು ಮಹಾರಾಣಿ ವು ಅನ್ನುತ್ತಿದ್ದರು. ಅದು ಈ ದಾನಿಯದು ಅಂತ ಇವರು ಗುರುತಿಸಿದರು. ತಾನೂ ಅವಳ ಪಕ್ಕ ಕಾಲು ಮಡಚಿ ಇನ್ನೊಂದು ಸಾವಿರ ವರ್ಷ ಕೂತಿರಬೇಕು ಅಂತ ಲಿನ್‌ಗೆ ಆಸೆಯಾಯಿತಂತೆ. ಆ ಮೂರ್ತಿಯ ಪಕ್ಕ ಆಕೆ ನಿಂತಿರುವ ಫೋಟೊ ಇದೆ ಪುಟ್ಟೀ. ಅದನ್ನು ಮೊದಲ ಪುಟಕ್ಕೆ ಹಾಕು.

ಬೆಟ್ಟ ಇಳಿದು ಬರುವಷ್ಟರಲ್ಲಿ ಜಪಾನ್ ಜೊತೆ ಯುದ್ಧ ಶುರುವಾಗಿತ್ತು. ಬೀಜಿಂಗ್ ಬಿಡುವ ಮೊದಲು ಅವರ ಸಂಶೋಧನಾ ಸಂಘದವರು ಅಷ್ಟು ವರ್ಷದ ನೆಗೆಟಿವ್, ನಕ್ಷೆ, ಟಿಪ್ಪಣಿಗಳನ್ನು ತಿಯಾನ್‌ಜಿನ್‌ನ ಒಂದು ಬ್ರಿಟಿಷ್ ಬ್ಯಾಂಕಿನ ನೆಲಮಾಳಿಗೆಯಲ್ಲಿ ಇಟ್ಟರು. ಜಪಾನಿನವರ ಕೈಗೆ ಸಿಗಬಾರದು ಅಂತ ನೆಲದಡಿ ಇಟ್ಟದ್ದನ್ನು ನೀರು ತಿಂದಿತು. 1939ರ ನೆರೆಯಲ್ಲಿ ಬಹುಪಾಲು ಹೋಯಿತು. ದೂರದಲ್ಲಿ ಸುದ್ದಿ ಕೇಳಿ ಗಂಡ ಹೆಂಡತಿ ಇಬ್ಬರೂ ಅತ್ತರಂತೆ. ಅಂಥ ಜಾಗ್ರತೆಯ ಜನರೇ ಎಲ್ಲವನ್ನೂ ಒಂದೇ ಕಡೆ ಇಟ್ಟು ಕಳೆದುಕೊಂಡರು. ನೀನು ತೆಗೆದ ಪ್ರತಿಗಳೆಲ್ಲ ಆ ಒಂದು ಲ್ಯಾಪ್‌ಟಾಪಲ್ಲೇ ಇವೆ ತಾನೆ? ಇವತ್ತೇ ಇನ್ನೊಂದು ಕಡೆ ಹಾಕಿಡು.

ಉಳಿದದ್ದು ಹೇಗೆ ಉಳಿಯಿತು ಅಂತ ನೋಡು. ಯುದ್ಧದ ಐದಾರು ವರ್ಷ ಆಕೆ ಸಿಚುವಾನ್‌ನ ಲಿಜುವಾಂಗ್ ಅನ್ನೋ ಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದಳು. ಕರೆಂಟಿಲ್ಲ, ಔಷಧಿಯಿಲ್ಲ. ಮಲಗಿಕೊಂಡೇ ಹಳೇ ರಾಜವಂಶಗಳ ಚರಿತ್ರೆ ಓದಿ ಟಿಪ್ಪಣಿ ಮಾಡಿ ಗಂಡನ ಪುಸ್ತಕಕ್ಕೆ ಕೊಡುತ್ತಿದ್ದಳು. ಅಲ್ಲಿಂದ ಅಮೆರಿಕದ ಗೆಳತಿ ವಿಲ್ಮಾ ಫೇರ್‌ಬ್ಯಾಂಕ್‌ಗೆ ಬರೆದ ಕಾಗದಗಳೆಲ್ಲ ಬಡ ಕಾಗದದ ತುಂಡುಗಳು, ಅಂಚು ಕೂಡ ಬಿಡದೆ ಒತ್ತಿ ಬರೆದವು. ನೀನು ಅದರ ವಾಕ್ಯ ಮಾತ್ರ ನಕಲು ಮಾಡಿದ್ದೀಯ. ಕಾಗದದ ಅಳತೆ, ಅಂಚು, ಮಡಿಕೆ ಎಲ್ಲ ಬರೆದುಕೋ. ಆ ಮನೆಯಲ್ಲಿ ಏನೇನಿರಲಿಲ್ಲ ಅನ್ನೋದು ವಾಕ್ಯಕ್ಕಿಂತ ಕಾಗದದಲ್ಲೇ ಜಾಸ್ತಿ ಗೊತ್ತಾಗುತ್ತದೆ.

ವಿಲ್ಮಾ ಆ ಕಾಗದಗಳನ್ನು ಇಟ್ಟುಕೊಂಡಳು. ಲಿಯಾಂಗ್ 1947ರಲ್ಲಿ ಅವಳ ಹತ್ತಿರ ಬಿಟ್ಟುಹೋದ ನಕ್ಷೆ, ಫೋಟೊಗಳನ್ನೂ ಕಾದಳು. ಹತ್ತು ವರ್ಷದ ಮೇಲೆ ಅವನು ಹೇಳಿದ ಹಾಗೆ ಲಂಡನ್ನಿಗೆ ಕಳಿಸಿದಳು. ಅವು ಅವನಿಗೆ ತಲುಪಲೇ ಇಲ್ಲ. ಅವನು 1972ರಲ್ಲಿ ತೀರಿಕೊಂಡ. ವಿಲ್ಮಾ ಬಿಡದೆ ಹುಡುಕಿದಳು, 1980ರಲ್ಲಿ ಆ ಕಟ್ಟು ಸಿಂಗಾಪುರದಲ್ಲಿ ಸಿಕ್ಕಿತು, 1984ರಲ್ಲಿ ಪುಸ್ತಕವಾಯಿತು. ನಿನ್ನ ಕರಡಿನಲ್ಲಿ ವಿಲ್ಮಾ ಹೆಸರು ಒಂದೇ ಸಲ ಬಂದಿದೆ, ಅದೂ ಅಡಿಟಿಪ್ಪಣಿಯಲ್ಲಿ. ಎಲ್ಲ ಫೋಟೊ, ಎಲ್ಲ ಚೀಟಿಗೂ ಒಂದು ಪ್ರಶ್ನೆ ಕೇಳು: ಇದನ್ನು ಯಾರು ಇಟ್ಟುಕೊಂಡಿದ್ದರು?

ಕವಿಯ ದಿನಚರಿ ವಿಷಯಕ್ಕೂ ಇದೇ ಪ್ರಶ್ನೆ ಕೇಳಬಹುದು. ಷು ಜಿಮೊ 1931ರ ನವೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ಸತ್ತ. ಬೀಜಿಂಗ್‌ನಲ್ಲಿ ಇವಳ ವಾಸ್ತುಶಿಲ್ಪದ ಉಪನ್ಯಾಸಕ್ಕೆ ಅಂತ ಹೊರಟು ಬರುವ ದಾರಿಯಲ್ಲಿದ್ದ. ಅವನ ದಿನಚರಿಗಳ ಪೆಟ್ಟಿಗೆ ಯಾರ ಹತ್ತಿರ ಇರಬೇಕು ಅಂತ ಸ್ನೇಹಿತರೊಳಗೇ ಜಗಳವಾಯಿತು. ಒಳಗೇನಿತ್ತು ಅಂತ ನೀನು ಒಂದೂವರೆ ಪುಟ ಊಹಿಸಿದ್ದೀಯ. ಅಷ್ಟೂ ತೆಗೆದುಹಾಕು. ನೋಡದ ಕಾಗದದಲ್ಲಿ ಏನಿತ್ತು ಅಂತ ಬರೆಯೋದು ಪಕ್ಕದ ಮನೆ ಜಗಲಿಯ ಮಾತು, ಇತಿಹಾಸ ಅಲ್ಲ.

ಇಷ್ಟೆಲ್ಲ ಹೇಳೋ ನಾನೇನು ದೊಡ್ಡ ಜಾಣೆಯಲ್ಲ. ನಿನ್ನ ಅಜ್ಜಿ ಫೋಟೊ ಹಿಂದೆ ಪೆನ್ಸಿಲ್ಲಲ್ಲಿ ಹೆಸರು, ಊರು ಬರೆದಿಡೋರು. ಅವರು ಹೋದ ಮೇಲೆ ಅಷ್ಟೂ ಫೋಟೊಗಳನ್ನು ನಾನೇ ಗೋಂದು ಹಾಕಿ ಆಲ್ಬಮ್ಮಿಗೆ ಅಂಟಿಸಿದೆ. ನೀಟಾಗಿ ಕಾಣಲಿ ಅಂತ. ಈಗ ಒಂದು ಫೋಟೊದಲ್ಲಿ ಬಾವಿಕಟ್ಟೆ ಮೇಲೆ ಐದು ಜನ ಹೆಂಗಸರು ನಗ್ತಾ ಕೂತಿದ್ದಾರೆ, ಇಬ್ಬರು ಯಾರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಉತ್ತರ ಅದರ ಬೆನ್ನಿಗೇ ಇದೆ, ಕಿತ್ತರೆ ಹರಿಯುತ್ತದೆ.

ಅಲ್ಲಿನ ಗ್ರಂಥಾಲಯದಲ್ಲಿ ಹಳೇ ಫೋಟೊ ರಿಪೇರಿ ಮಾಡೋರು ಇರುತ್ತಾರಲ್ಲ, ಗೋಂದು ಬಿಡಿಸೋದು ಹೇಗೆ ಅಂತ ಕೇಳಿ ಬಾ. ಡಿಸೆಂಬರಲ್ಲಿ ಬರ್ತೀಯಲ್ಲ, ಆಗ ಕೂತು ನೋಡೋಣ. ತಿದ್ದಿದ ಕರಡನ್ನು ಅದಕ್ಕೂ ಮೊದಲೇ ಕಳಿಸು.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ