ಡ್ರೈವರನ ನಿದ್ದೆಯೂ ಬಾಡಿಗೆಯ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ನಿದ್ದೆಯ ಸಾಲದ, ಅಂದರೆ ದಿನಾ ಕಡಿಮೆಯಾಗುತ್ತಾ ಕೂಡಿಬರುವ ನಿದ್ದೆಯ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಬರಹ ಓದಿದೆ. ಆಫೀಸಿನವರು, ಮೊಬೈಲ್ ಬಿಡದ ಮಕ್ಕಳು ಎಲ್ಲ ಅದರಲ್ಲಿದ್ದರು. ನಮ್ಮಂಥವರು ಇರಲಿಲ್ಲ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಟ್ಯಾಕ್ಸಿ ಓಡಿಸುವವನು.

ನಮ್ಮ ಕಡೆ ರಾತ್ರಿ ಬಾಡಿಗೆಗೆ ಬರವಿಲ್ಲ. ಗಲ್ಫಿಗೆ ಹೋಗುವವರನ್ನು ಬೆಳಕು ಹರಿಯುವ ಮೊದಲೇ ಮಂಗಳೂರು ಅಥವಾ ಕಣ್ಣೂರು ಏರ್‌ಪೋರ್ಟಿಗೆ ಮುಟ್ಟಿಸಬೇಕು. ವಾಪಸ್ ಬಂದರೆ ಹಗಲಿಗೆ ಮದುವೆ ಬಾಡಿಗೆ, ಆಸ್ಪತ್ರೆ ಬಾಡಿಗೆ. ಮಂಡಲ ಕಾಲದಲ್ಲಿ ಶಬರಿಮಲೆ. ಹೋಗುವ ದಾರಿಯೇ 400 ಕಿ.ಮೀ.ಗಿಂತ ಜಾಸ್ತಿ. ಸ್ವಾಮಿಗಳು ಮಲೆ ಹತ್ತಿ ಇಳಿಯುವವರೆಗೆ ಡ್ರೈವರನಿಗೆ ರೆಸ್ಟ್ ಅಂತ ಲೆಕ್ಕ. ನಿಲಕ್ಕಲ್ ಪಾರ್ಕಿಂಗಿನಲ್ಲಿ ಬಿಸಿಲಿಗೆ ಕಾದ ಗಾಡಿಯೊಳಗೆ ಮಲಗಿ ನೋಡಿದವರಿಗೆ ಆ ರೆಸ್ಟ್ ಏನೆಂದು ಗೊತ್ತು. ಇಳಿದು ಬಂದವರು, "ರಾತ್ರಿಯೇ ಹೊರಡುವ, ಲಾಡ್ಜಿಗೆ ಯಾಕೆ ಸುಮ್ನೆ ದುಡ್ಡು?" ಅನ್ನುತ್ತಾರೆ. ಹತ್ತು ನಿಮಿಷ ಕಳೆಯುವುದರೊಳಗೆ ಹಿಂದಿನ ಸೀಟಿನಲ್ಲಿ ಗೊರಕೆ.

ನನ್ನ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಅವಳು ಓದಿ ಹೇಳಿದ ಒಂದು ವಿಷಯ ಕೇಳಿ ನನಗೆ ಬೆವರು ಬಂತು. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ್ದಂತೆ. ಸತತ 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದಂತೆ. ನಮ್ಮ ಕಾನೂನಿನ ಮಿತಿ 30 ಮಿ.ಗ್ರಾಂ! ಪೊಲೀಸರು ಊದಿಸಿ ನೋಡುವ ಮೆಷಿನ್ ಇದನ್ನು ಹಿಡಿಯುವುದಿಲ್ಲ, ಅಲ್ವಾ?

ಒಂದೇ ರಾತ್ರಿಯ ಮಾತಾದರೆ ಸರಿ. ಆದರೆ ದಿನಾ ಎರಡು ಗಂಟೆ ಕಡಿಮೆಯಾದರೂ ಅದು ಕೂಡುತ್ತಾ ಹೋಗುತ್ತದೆ. ಎರಡು ವಾರ ದಿನಕ್ಕೆ 6 ಗಂಟೆ ಮಾತ್ರ ಮಲಗಿಸಿ ನೋಡಿದ ಅಮೆರಿಕದ ಒಂದು ಪ್ರಯೋಗ 2003ರಲ್ಲಿ ಬಂದಿದೆ. ಕೊನೆಗೆ ಅವರ ಗಮನ ರಾತ್ರಿಯಿಡೀ ಎಚ್ಚರವಿದ್ದವರಷ್ಟೇ ಕೆಟ್ಟಿತ್ತು. ಅವರಿಗೆ ಮಾತ್ರ ಅಂಥದ್ದೇನೂ ಆಗಿಲ್ಲವೆಂದೇ ಅನಿಸುತ್ತಿತ್ತು. ನಮ್ಮ ಸ್ಟ್ಯಾಂಡಿನಲ್ಲಿ "ನನಗೆ ಅಭ್ಯಾಸ ಆಗಿದೆ ಮಾರಾಯ" ಅನ್ನುವವರು ಬೇಕಾದಷ್ಟು ಇದ್ದಾರೆ. ಬಿಪಿ, ಶುಗರ್ ಮಾತ್ರೆ ಜೇಬಿನಲ್ಲಿಟ್ಟುಕೊಂಡವರೂ ಅವರಲ್ಲಿದ್ದಾರೆ. ನಿದ್ದೆ ಕಡಿಮೆಯಾದವರಲ್ಲಿ ಇವೆರಡೂ ಜಾಸ್ತಿಯಂತೆ. ಹಸಿವೆಯೂ ಜಾಸ್ತಿ. ನಡುರಾತ್ರಿ ಪೊರೋಟ ಅಂಗಡಿ ಕಂಡರೆ ಗಾಡಿ ನಿಲ್ಲುವುದು ಬರೀ ಚಪಲಕ್ಕಲ್ಲ.

ತೂಕಡಿಕೆ ಬಂದರೆ ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಚಹಾ ಕುಡಿದರೆ ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೇ. ಚಹಾ ಕುಡಿದು 15-20 ನಿಮಿಷ ಗಾಡಿ ಬದಿಗಿಟ್ಟು ಮಲಗಿದರೆ ಚಹಾ ಹಿಡಿಯುವ ಹೊತ್ತಿಗೆ ಎಚ್ಚರವಾಗುತ್ತದೆ. ಅದರಲ್ಲೂ ರಾತ್ರಿ 2ರಿಂದ 6 ಗಂಟೆಯವರೆಗೆ ಶರೀರವೇ ಮಲಗು ಅನ್ನುತ್ತದೆ. ಕಣ್ಣು 4 ಸೆಕೆಂಡ್ ಮುಚ್ಚಿದರೆ, 80 ಕಿ.ಮೀ. ವೇಗದಲ್ಲಿ ಗಾಡಿ ಸುಮಾರು 90 ಮೀಟರ್ ಹೋಗಿಬಿಟ್ಟಿರುತ್ತದೆ. ಹೈವೇ ಕೆಲಸದಿಂದ ದಿಕ್ಕು ತಪ್ಪಿಸುವ ನಮ್ಮ ತಿರುವುಗಳಲ್ಲಿ 90 ಮೀಟರ್ ಅಂದರೆ ಏನೆಂದು ಹೇಳಬೇಕೇ?

ಆದ್ದರಿಂದ ದೂರದ ಬಾಡಿಗೆ ಮಾತಾಡುವಾಗಲೇ ಡ್ರೈವರನಿಗೆ ಎಲ್ಲಿ, ಎಷ್ಟು ಹೊತ್ತು ಮಲಗಲು ಸಿಗುತ್ತದೆ ಎಂಬುದೂ ತೀರ್ಮಾನವಾಗಲಿ. ಅವನು "ಅರ್ಧ ಗಂಟೆ ನಿಲ್ಲಿಸುತ್ತೇನೆ" ಅಂದರೆ ವಾಚು ನೋಡಬೇಡಿ. ಮದುವೆ ಹಾಲ್ ಕಟ್ಟಿಸುವವರೂ ವರನಿಗೊಂದು, ವಧುವಿಗೊಂದು ಎಸಿ ಕೋಣೆ ಮಾಡುವಾಗ ನಮಗೊಂದು ಫ್ಯಾನ್ ಇರುವ ಕೋಣೆ ಇಟ್ಟರೆ ಸಾಕು. ಚಾಪೆ ನಾವೇ ತರುತ್ತೇವೆ.

ಇತಿ,
ಒಬ್ಬ ಟ್ಯಾಕ್ಸಿ ಚಾಲಕ, ಬದಿಯಡ್ಕ