ಕೂಸೇ, ಡ್ರಾಪ್ಸ್ ಬಿಡಬೇಡ

ಕೂಸೇ,

ಬೆಳಿಗ್ಗೆ ಫ್ರಿಜ್ ತೆಗೆದರೆ ನಿನ್ನ ಕಣ್ಣಿನ ಡ್ರಾಪ್ಸ್ ಮೊಸರಿನ ಪಾತ್ರೆ ಹಿಂದೆ ಹಾಗೇ ಇತ್ತು. ಮರೆತೆಯೋ, ಬೇಕಂತಲೇ ಬಿಟ್ಟೆಯೋ? ಬಸ್ ಹತ್ತುವ ಮೊದಲು ಅಷ್ಟು ಜಗಳ ಆಯ್ತು. "ಕಣ್ಣಿನ ಪ್ರೆಶರ್ ಸರಿ ಇದೆ ಅಂದರಲ್ಲ ಡಾಕ್ಟರು, ಇನ್ನೂ ಯಾಕೆ ಹಾಕಬೇಕು" ಅಂದೆ. ಹಾಕುತ್ತಿರುವುದಕ್ಕೇ ಅದು ಸರಿ ಇದೆ ಮಾರಾಯ್ತಿ! ಚೀಟಿಯ ಫೋಟೋ ವಾಟ್ಸಾಪ್ ಮಾಡಿದ್ದೇನೆ, ಬೆಂಗಳೂರಲ್ಲೇ ಇವತ್ತೇ ತಗೋ. ಬಸ್‌ಸ್ಟ್ಯಾಂಡಿನಲ್ಲಿ ಜೋರು ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡ.

ನನಗೆ ಮಾತ್ರ ಆ ಎಕ್ಸ್‌ರೇ ಮರೆಯುವುದಿಲ್ಲ. ಎರಡನೇ ಕ್ಲಾಸಿಗೆ ಬಂದರೂ ನಿನಗೆ ಮೇಲಿನ ಮುಂಹಲ್ಲು ಹುಟ್ಟಲಿಲ್ಲ. ಆಲೆಮನೆಯಲ್ಲಿ ಮಕ್ಕಳೆಲ್ಲ ಕಬ್ಬು ಸಿಗಿದು ತಿನ್ನುವಾಗ ನೀನು ಕಬ್ಬಿನಹಾಲಿನ ಲೋಟ ಹಿಡಿದು ಕೂತಿರುತ್ತಿದ್ದೆ. ಶಿರಸಿಯ ಹಲ್ಲಿನ ಡಾಕ್ಟರು ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದರು. ಹೊಸ ಹಲ್ಲು ಕಾಣಬೇಕಾದ ಕಡೆ ಬರೀ ಬೂದು. ನಾನು ಆ ಖಾಲಿ ಜಾಗವನ್ನೇ ನೋಡುತ್ತಿದ್ದೆ, ಅವರು ಮಾತ್ರ ಫಿಲ್ಮ್ ಕೆಳಗಿಟ್ಟು ನಿನ್ನ ಗಲ್ಲ ಎತ್ತಿ ಕಣ್ಣು ನೋಡಿದರು. ಎಡಗಣ್ಣಿನ ಪಾಪೆ ನಡುವೆ ಇರಲಿಲ್ಲ, ಮೂಗಿನ ಕಡೆ ಜಾರಿತ್ತು. ಹೊಕ್ಕುಳ ತೋರಿಸಿ ಅಂದರು. ಸುತ್ತ ಚರ್ಮ ಸ್ವಲ್ಪ ಜಾಸ್ತಿ ಇತ್ತು. ಹಲ್ಲು ತೋರಿಸಲು ಬಂದರೆ ಹೊಕ್ಕುಳ ಯಾಕೆ ಅಂತ ಕೇಳಿದೆ. "ಹಲ್ಲು ಆಮೇಲೆ, ಮೊದಲು ಕಣ್ಣಿನ ಪ್ರೆಶರ್ ನೋಡಿಸಿ, ಈ ವಾರವೇ" ಅಂದರು. ಆ "ಈ ವಾರವೇ" ಇನ್ನೂ ನನ್ನ ಕಿವಿಯಲ್ಲಿದೆ.

ಹುಬ್ಬಳ್ಳಿಯಲ್ಲಿ ಹೆಸರು ಗೊತ್ತಾಯ್ತು, ಆಕ್ಸೆನ್‌ಫೆಲ್ಡ್-ರೀಗರ್ ಸಿಂಡ್ರೋಮ್. ಗ್ರಹಣದ ದಿನ ನಾನು ಹೊರಗೆ ಬಂದಿದ್ದಕ್ಕೆ ಹೀಗಾಯ್ತು ಅಂದರು ಅಜ್ಜಿ. ಅಲ್ಲ. ಪಿಐಟಿಎಕ್ಸ್2 ಅನ್ನುವ ಜೀನಿನಲ್ಲಿ ಆದ ಬದಲಾವಣೆ ಅದು. ಹೊಟ್ಟೆಯಲ್ಲಿ ಮಗುವಿನ ಕಣ್ಣು, ಹಲ್ಲು, ಹೊಕ್ಕುಳ ರೂಪುಗೊಳ್ಳಲು ಅದೇ ಜೀನು ಬೇಕು. ಪರೀಕ್ಷೆ ಮಾಡಿಸಿದಾಗ ನನ್ನಲ್ಲೂ ಅಪ್ಪಯ್ಯನಲ್ಲೂ ಅದು ಸಿಗಲಿಲ್ಲ, ನಿನ್ನಲ್ಲೇ ಹೊಸದಾಗಿ ಆದದ್ದು.

ಇದಿರುವವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಗ್ಲುಕೋಮಾ ಬರುತ್ತದೆ. ಕಣ್ಣೊಳಗಿನ ನೀರು ಇಳಿದು ಹೋಗುವ ದಾರಿ ಸರಿಯಾಗಿ ಬೆಳೆದಿರುವುದಿಲ್ಲ, ಒತ್ತಡ ಏರುತ್ತದೆ, ನರ ಹಾಳಾಗುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಹಲ್ಲು ಇಲ್ಲದಿದ್ದರೆ ನನಗೆ ಕಾಣುತ್ತದೆ, ಪ್ರೆಶರ್ ಏರಿದರೆ ನನಗೂ ಕಾಣುವುದಿಲ್ಲ, ನಿನಗೂ ಗೊತ್ತಾಗುವುದಿಲ್ಲ. ಹಾಗಾಗಿ ಮಷಿನ್ ಮುಂದೆ ಗಲ್ಲ ಇಟ್ಟು ಕೂರಲೇಬೇಕು, ಜೀವನಪೂರ್ತಿ. ರಾತ್ರಿ ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಎರಡು ನಿಮಿಷ ಒತ್ತಿ ಹಿಡಿ. ಕಣ್ಣು ಕೆಂಪಾಯ್ತು ಅಂತ ಮೆಡಿಕಲ್ ಶಾಪಿನವರು ಕೊಟ್ಟಿದ್ದನ್ನೆಲ್ಲ ಹಾಕಬೇಡ, ಸ್ಟೀರಾಯ್ಡ್ ಇದ್ದರೆ ಪ್ರೆಶರ್ ಏರಬಹುದು. ರೂಮ್ ಬದಲಿಸಿದರೂ ಫೈಲ್ ಕಳೀಬೇಡ. ಊಟ ಬಿಡಬೇಡ.

ಆಫೀಸಿನ ಐಡಿ ಕಾರ್ಡಿನ ಫೋಟೋ ಕಳಿಸಿದ್ದೆಯಲ್ಲ, ಬಾಯ್ತುಂಬ ನಕ್ಕಿದ್ದೀ. ಅಪ್ಪಯ್ಯ ಅದನ್ನು ಸೊಸೈಟಿಗೆ ಅಡಿಕೆ ತಗೊಂಡು ಹೋದಾಗ ಎಲ್ಲರಿಗೂ ತೋರಿಸಿದರು.

ಬಸ್ ಹತ್ತುವಾಗ ಇನ್ನೊಂದು ಕೇಳಿದ್ದೆ, "ನಾಳೆ ನನ್ನ ಮಗುವಿಗೂ ಬಂದರೆ?" ಅಂತ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಹೊಡೆದ. ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50, ಬಾರದಿರುವುದೂ ಅಷ್ಟೇ. ಮದುವೆ ಮಾತು ಬಂದಾಗ ಹುಡುಗನಿಗೆ ಹೇಳು, ಇಬ್ಬರೂ ಜೆನೆಟಿಕ್ಸ್ ಡಾಕ್ಟರ ಹತ್ತಿರ ಹೋಗಿ. ನಿನ್ನದು ಗೊತ್ತಾಗಲು ಎರಡನೇ ಕ್ಲಾಸಿನವರೆಗೆ ಹೋಯ್ತು. ನಿನ್ನ ಮಗುವಿನ ಕಣ್ಣನ್ನು ಹುಟ್ಟಿದ ವಾರವೇ ನೋಡಿಸಬಹುದು. ಬಂದರೆ ನಾನೇ ಎತ್ತಿಕೊಂಡು ಆಸ್ಪತ್ರೆಗೆ ಓಡಾಡುತ್ತೇನೆ, ನೀನು ಹೆದರಬೇಡ.

ನಿನ್ನ ಆಯಿ