ಸಂಸದರ ಕಚೇರಿಯ ಒಂದು ವರ್ಷಕ್ಕೆ ಧನ್ಯವಾದ

ನಿನ್ನೆ ಕಚೇರಿಯ ಕೀಲಿ ವಾಪಸ್ ಕೊಟ್ಟೆ. ನಮ್ಮ ಸಂಸದರ ಬಳಿ ಶಾಸಕಾಂಗ ಸಹಾಯಕಿಯಾಗಿ ಸೇರಿ ಒಂದು ವರ್ಷ ತುಂಬಿತು. ಹೊರಡುವ ಮುಂಚೆ ಕೆಲವರಿಗೆ ಧನ್ಯವಾದ ಹೇಳಲೇಬೇಕು.

ಸೇರಿದ ಮೊದಲ ವಾರ ನಾನು ಎರಡು ಫೈಲು ಮಾಡಿದ್ದೆ. ಒಂದರ ಮೇಲೆ ‘ಕ್ಷೇತ್ರ’, ಇನ್ನೊಂದರ ಮೇಲೆ ‘ವಿದೇಶ’. ರಸ್ತೆ, ನೀರು, ಬೆಳೆ ಒಂದರಲ್ಲಿ. ಒಪ್ಪಂದ, ಆಮದು, ರಾಯಭಾರ ಕಚೇರಿ ಇನ್ನೊಂದರಲ್ಲಿ. ಅಡಿಕೆ ಬೆಳೆಗಾರರೊಬ್ಬರ ಪತ್ರ ಬರುವವರೆಗೆ ಅದು ಸರಿಯಾಗಿಯೇ ಇತ್ತು.

ತೋಟಕ್ಕೆ ಎಲೆಚುಕ್ಕೆ ರೋಗ ತಗುಲಿದೆ, ಫಸಲು ಕಮ್ಮಿ, ಅದರ ಮೇಲೆ ಹೊರದೇಶದ ಅಡಿಕೆ ಬರ್ತಿದೆಯಂತೆ, ನಿಜವಾ ಅಂತ ಅವರು ಕೇಳಿದ್ದರು. ನಾನು ಅದನ್ನು ‘ಕ್ಷೇತ್ರ’ ಫೈಲಿಗೆ ಹಾಕಿದೆ. ಸಂಜೆ ಸರ್ ಓದಿ, ಏನೂ ಹೇಳದೆ ತೆಗೆದು ‘ವಿದೇಶ’ಕ್ಕೆ ಹಾಕಿದರು.

ಯಾಕೆ ಅಂತ ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು. ಹೊರಗಿನಿಂದ ಅಡಿಕೆ ತರಲು ಒಂದು ಕನಿಷ್ಠ ಆಮದು ಬೆಲೆ ಇದೆ. 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಅದಕ್ಕಿಂತ ಕಮ್ಮಿ ಬೆಲೆಯ ಮಾಲು ಒಳಗೆ ಬರುವಂತಿಲ್ಲ. ಆದರೆ 2022ರಲ್ಲಿ ಭೂತಾನ್‌ಗೆ ಒಂದು ವಿನಾಯಿತಿ ಕೊಟ್ಟಿದ್ದರು. ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಯನ್ನು ಈ ಬೆಲೆಯ ಷರತ್ತಿಲ್ಲದೆ ತರಬಹುದು ಅಂತ. ಇದು ನೆರೆಯ ದೇಶದ ಜೊತೆಗಿನ ಸ್ನೇಹದ ಮಾತು. ನಮ್ಮ ಬೆಳೆಗಾರರ ಮನೆಯ ಖರ್ಚಿನ ಮಾತೂ ಹೌದು.

ನಾನು ಸಿಟ್ಟಿನಿಂದ ಒಂದು ಪ್ರಶ್ನೆ ಬರೆದೆ. ಭೂತಾನ್‌ಗೆ ಯಾಕೆ ಈ ವಿನಾಯಿತಿ, ವಾಪಸ್ ಯಾಕೆ ಪಡೆಯಬಾರದು ಅಂತ. ಸರ್ ಪೆನ್ನು ತೆಗೆದು ಆ ಸಾಲು ಹೊಡೆದು ಹಾಕಿದರು. “ಅಲ್ಲಿ ಬೆಳೆಯುವವನೂ ರೈತನೇ ಅಲ್ವಾ? ಎಷ್ಟು ಬಂತು ಕೇಳಮ್ಮ. ಬಂದದ್ದು ನಿಜಕ್ಕೂ ಅಲ್ಲೇ ಬೆಳೆದದ್ದಾ, ಅದನ್ನು ಕೇಳು. ಮೂರನೇ ದೇಶದ ಮಾಲು ಭೂತಾನ್ ಹೆಸರಲ್ಲಿ ಬರ್ತಿದ್ರೆ ಹಿಡಿಯೋರು ಯಾರು, ಅದನ್ನು ಕೇಳು.” ಇಷ್ಟೇ ಹೇಳಿದ್ದು. ಸರ್, ಈ ವರ್ಷ ನಿಮ್ಮಿಂದ ಕಲಿತದ್ದರಲ್ಲಿ ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ನಮ್ಮವರ ಪರ ಕೇಳಬಹುದು, ನೆರೆಯವರನ್ನು ನೋಯಿಸದೆಯೂ ಕೇಳಬಹುದು. ಅದಕ್ಕೆ ಮೊದಲು ಲೆಕ್ಕ ಗೊತ್ತಿರಬೇಕು. ನಿಮಗೆ ಮನಸಾರೆ ಧನ್ಯವಾದ.

ಪ್ರಶ್ನೆ ಬರೆದ ಮಾತ್ರಕ್ಕೆ ಸದನಕ್ಕೆ ಹೋಗುವುದಿಲ್ಲ. ಕಮ್ಮಿ ಅಂದರೂ 15 ದಿನ ಮೊದಲು ಕೊಡಬೇಕು. ಆಮೇಲೆ ಚೀಟಿ ಎತ್ತುತ್ತಾರೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, ಸಚಿವರು ಎದ್ದು ನಿಂತು ಉತ್ತರಿಸಬೇಕಾದವು. ಚುಕ್ಕೆ ಇಲ್ಲದವು 230, ಅವಕ್ಕೆ ಲಿಖಿತ ಉತ್ತರ. ನಮ್ಮ ಹೆಸರು ಮೂರು ಸಲ ಬರಲಿಲ್ಲ. ನಾಲ್ಕನೇ ಸಲ ಬಂತು, ಅದೂ ಚುಕ್ಕೆ ಗುರುತಿನ ಪಟ್ಟಿಯಲ್ಲಿ. ಉಪಪ್ರಶ್ನೆಗಳನ್ನು ಹತ್ತು ಸಲ ತಿದ್ದಿದೆ. ಆ ದಿನ ಕೂಗಾಟದಿಂದ ಸದನ ನಡೆಯಲಿಲ್ಲ.

2025ರ ಮಳೆಗಾಲದ ಅಧಿವೇಶನ ಅದು. ಲೋಕಸಭೆಯ ಪಟ್ಟಿಯಲ್ಲಿದ್ದ 419 ಚುಕ್ಕೆ ಗುರುತಿನ ಪ್ರಶ್ನೆಗಳಲ್ಲಿ ಬಾಯಿಮಾತಿನ ಉತ್ತರ ಸಿಕ್ಕಿದ್ದು 55ಕ್ಕೆ ಮಾತ್ರ. ಆ ರಾತ್ರಿ ನನಗೆ ಈ ಕೆಲಸವೇ ಬೇಡ ಅನಿಸಿತ್ತು. ಅಮ್ಮನಿಗೆ ಫೋನ್ ಮಾಡಿ ಅತ್ತೆ. ಮಾರನೇ ದಿನ ಸರ್ ಲಿಖಿತ ಉತ್ತರದ ಹಾಳೆ ತಂದು ನನ್ನ ಮುಂದಿಟ್ಟರು. ಕೂಗಾಟದ ದಿನವೂ ಆ ಉತ್ತರ ಸದನದ ಮೇಜಿಗೆ ಬಂದಿತ್ತು. ಅದನ್ನು ಕನ್ನಡಕ್ಕೆ ಮಾಡು, ಬರೆದವರಿಗೆ ಕಳಿಸೋಣ ಅಂದರು.

ಮಾಡಿದೆ. ಬೆಳೆಗಾರರ ಸಭೆಯಲ್ಲಿ ಸರ್ ಅದನ್ನು ಪೂರ್ತಿ ಓದಿದರು. ಪರವಾಗಿದ್ದ ಸಾಲನ್ನೂ ಓದಿದರು, ನಿರಾಸೆ ಮಾಡುವ ಸಾಲನ್ನೂ ಬಿಡಲಿಲ್ಲ. ನಾನು ‘ಹಸಿರು ಅಡಿಕೆ’ ಅಂತ ಬರೆದಿದ್ದೆ. ಹಿರಿಯರೊಬ್ಬರು ನಿಂತು, “ಹಸಿರಲ್ಲ ತಂಗಿ, ಹಸಿ ಅಡಿಕೆ” ಅಂತ ತಿದ್ದಿದರು. ಅಜ್ಜಾರೇ, ನಿಮಗೂ ಧನ್ಯವಾದ. ಆಮೇಲೆ ನಾನು ಮಂಡಿಗೆ ಹೋಗಿ ರಾಶಿ ಅಡಿಕೆ ಯಾವುದು, ಚಾಲಿ ಅಡಿಕೆ ಯಾವುದು ಅಂತ ಕೈಯಲ್ಲಿ ಹಿಡಿದು ನೋಡಿ ಕಲಿತೆ.

ಇನ್ನೊಬ್ಬರಿಗೆ ಧನ್ಯವಾದ ಹೇಳಬೇಕು. ಗಲ್ಫ್‌ಗೆ ದುಡಿಯಲು ಹೋದ ಮಗನ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಂಡಿದ್ದಾನೆ ಅಂತ ಕಚೇರಿಗೆ ಬಂದ ತಾಯಿಗೆ. ಅವರ ಹತ್ತಿರ ಮಗ ಕಳಿಸಿದ ಒಂದು ವಾಯ್ಸ್ ಮೆಸೇಜ್ ಬಿಟ್ಟು ಬೇರೇನೂ ಇರಲಿಲ್ಲ. ಹೊರದೇಶದಲ್ಲಿರುವ ಭಾರತೀಯರ ದೂರು ಕೇಳುವ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ಹಾಕಿದೆವು. ಸರ್ ರಾಯಭಾರ ಕಚೇರಿಗೆ ಪತ್ರ ಬರೆದರು, ವಾರಕ್ಕೊಮ್ಮೆ ನೆನಪಿಸಿದರು. ಹುಡುಗ ಹೋಗಿದ್ದು ವಿಸಿಟ್ ವೀಸಾದಲ್ಲಿ. ಹಾಗಾಗಿ ದುಡಿಯಲು ಹೊರದೇಶಕ್ಕೆ ಹೋಗುವವರ ಸರ್ಕಾರಿ ದಾಖಲೆ ‘ಇ-ಮೈಗ್ರೇಟ್’ನಲ್ಲಿ ಅವನ ಹೆಸರೇ ಇರಲಿಲ್ಲ. ಅವನು ಮನೆ ಸೇರಲು ಎರಡು ತಿಂಗಳು ಹಿಡಿಯಿತು. 1983ರ ವಲಸೆ ಕಾಯ್ದೆಯ ಬದಲು ತರಬೇಕೆಂದಿರುವ ಹೊಸ ಮಸೂದೆಯ ಕರಡನ್ನು ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಜನರ ಮುಂದಿಟ್ಟಾಗ, ನಮ್ಮ ಅಭಿಪ್ರಾಯದಲ್ಲಿ ಸರ್ ಮೊದಲು ಬರೆಸಿದ್ದು ಇದನ್ನೇ. ವಿಸಿಟ್ ವೀಸಾದಲ್ಲಿ ಹೋಗಿ ಸಿಕ್ಕಿಬೀಳುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ. ಅಮ್ಮಾ, ಆ ಸಾಲಿನ ಹಿಂದೆ ನೀವಿದ್ದೀರಿ.

ಸಂಸತ್ತಿನ ಗ್ರಂಥಾಲಯದ ಸಿಬ್ಬಂದಿಗೆ ಧನ್ಯವಾದ. ಹಳೆಯ ಉತ್ತರ ಹುಡುಕಿ ಕೊಡಿ ಅಂತ ಎಷ್ಟು ಸಲ ಹೋದರೂ ಮುಖ ಗಂಟಿಕ್ಕಲಿಲ್ಲ. ನೋಟಿಸ್‌ನಲ್ಲಿ ನನ್ನ ತಪ್ಪು ತೋರಿಸಿ, ಸಮಯ ಮುಗಿಯುವ ಮುಂಚೆ ಸರಿ ಮಾಡಿಸಿದ ಗುಮಾಸ್ತರಿಗೆ ಧನ್ಯವಾದ. ಆ ರಾತ್ರಿ ಫೋನಿನಲ್ಲಿ ಸುಮ್ನೆ ಕೇಳಿಸಿಕೊಂಡ ಅಮ್ಮನಿಗೂ.

ನನ್ನ ಜಾಗಕ್ಕೆ ಹೊಸ ಹುಡುಗ ಬಂದಿದ್ದಾನೆ. ಎರಡೂ ಫೈಲುಗಳನ್ನು ಒಂದು ಮಾಡಿ ಅವನ ಕೈಗೆ ಕೊಟ್ಟೆ. ಮೇಲೆ ಹೆಸರು ಬರೆದಿಲ್ಲ. ಇನ್ನೂ ಉತ್ತರ ಹೋಗದ ಹನ್ನೊಂದು ಪತ್ರಗಳು ಮೇಲುಗಡೆಯೇ ಇವೆ. ಮೊದಲನೆಯದು ಡಿಎಪಿ ಗೊಬ್ಬರ ಸಿಗದ ರೈತರದ್ದು.